ಕಾಜಲ್‌ಳ ಹೊಟ್ಟೆ ಕೆಟ್ಟಾಗ ನಾನು ಕೊಟ್ಟ ಕಟಕ ರೊಟ್ಟಿ

ನಾನು ಕುಲಗೋಡದ ಯಲ್ಲವ್ವ. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು. ನಮ್ಮ ಓಣಿಯಲ್ಲಿ ಯಾರ ಕೂಸಿಗೆ ಕೆಮ್ಮು ಬಂದರೂ, ಹೊಟ್ಟೆ ನೋವಾದರೂ ಮೊದಲು ನನ್ನನ್ನು ಕೇಳಲು ಬರುತ್ತಾರೆ. ಅದರ ಸೊಕ್ಕು ನನಗಿತ್ತು. ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ.

ಕಾಲುವೆಗೆ ಹೊಸ ನೀರು ಬಿಟ್ಟ ವಾರ ಅದು. ನನ್ನ ಮೊಮ್ಮಗಳು ಕಾಜಲ್‌ಗೆ ನಾಲ್ಕು ವರ್ಷ. ಅವ್ವನ ಬೆನ್ನು ಹತ್ತಿ ಕಬ್ಬಿನ ಹೊಲಕ್ಕೆ ಹೋದವಳು ಯಾರೂ ನೋಡದಾಗ ಆ ರಾಡಿ ನೀರನ್ನು ಬೊಗಸೆ ತುಂಬಿ ಕುಡಿದಳು. ಮರುದಿನ ಬೆಳಗ್ಗೆ ಭೇದಿ ಶುರುವಾಯಿತು. ಮಧ್ಯಾಹ್ನದೊಳಗೆ ಐದು ಸಲ. ನಡುವೆ ಒಂದು ಸಲ ವಾಂತಿಯೂ ಆಯಿತು.

ನನ್ನ ಸೊಸೆ ನೇತ್ರಾ ತಂಬಿಗೆ ತಂದು ನೀರು ಕುಡಿಸಲು ಹೋದಳು. ನಾನು ಅವಳ ಕೈಯಿಂದ ತಂಬಿಗೆ ಕಸಿದುಕೊಂಡೆ.

"ಕುಡಿಸಿದ್ದೆಲ್ಲಾ ನೀರಾಗೇ ಹೊರಗ ಹೊಂಟೈತಿ. ಮ್ಯಾಲ ಮತ್ತ ನೀರ ಹಾಕ್ತಿಯೇನ ನೀ?"

"ಅತ್ತಿ, ಕೂಸಿನ ತುಟಿ ಒಣಗ್ಯಾವ್ರಿ."

"ಒಣಗಲಿ. ಗಟ್ಟಿ ತಿಂದ್ರ ಗಟ್ಟಿ ಆಕ್ಕೈತಿ. ನಾಕ ಮಕ್ಕಳನ್ನ ಹಿಂಗ ಬೆಳಸೇನಿ ನಾ. ನನಗ ಕಲಸಾಕ ಬರಬ್ಯಾಡ."

ನಮ್ಮ ಮನೆಯಲ್ಲಿ ಕಟಕ ರೊಟ್ಟಿಗೆ ಎಂದೂ ಕೊರತೆಯಿಲ್ಲ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು ಒಣಗಿಸಿ ಬುಟ್ಟಿಯಲ್ಲಿ ಪೇರಿಸಿಟ್ಟರೆ ಎಷ್ಟೋ ದಿನ ಕೆಡುವುದಿಲ್ಲ. ಅದರಲ್ಲೊಂದನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ, ಜೊತೆಗೆ ಒಂದು ಬಟ್ಟಲು ಕರಿ ಚಹಾ ಇಟ್ಟು ಕಾಜಲ್‌ಗೆ ಕೊಟ್ಟೆ. ಕೂಸು ಎರಡು ತುತ್ತು ಕಡಿದು ಖಾರಕ್ಕೆ ಅತ್ತಿತು. "ಆಯಿ, ನೀರ ಕೊಡ" ಎಂದಿತು. ನಾನು ಕೊಡಲಿಲ್ಲ.

ಮರುದಿನ ಕಾಜಲ್ ಹಾಸಿಗೆ ಬಿಟ್ಟು ಏಳಲಿಲ್ಲ. ಕಣ್ಣು ಗುಳಿಬಿದ್ದಿದ್ದವು. ಅಳುತ್ತಿದ್ದಳು, ಕಣ್ಣೀರು ಬರುತ್ತಿರಲಿಲ್ಲ. ನೇತ್ರಾ ನನ್ನನ್ನು ಒಂದು ಮಾತೂ ಕೇಳದೆ ಹೋಗಿ ಆಶಾ ಕಾರ್ಯಕರ್ತೆ ಸರಿತಾಳನ್ನು ಕರೆತಂದಳು. ನನಗೆ ಸಿಟ್ಟು ನೆತ್ತಿಗೇರಿತು. ಮೊನ್ನೆ ಮೊನ್ನೆಯವರೆಗೆ ನಮ್ಮ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿ ನನಗೆ ಬುದ್ಧಿ ಹೇಳುವುದೇ?

ಸರಿತಾ ಕೂಸಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟಳು. ಮಡಿಕೆ ಕೂಡಲೇ ಇಳಿಯಲಿಲ್ಲ.

"ದೊಡ್ಡವ್ವ, ಕೂಸ ಉಚ್ಚಿ ಯಾವಾಗ ಹೊಯ್ದೈತ್ರಿ?"

ನನಗೆ ಗೊತ್ತಿರಲಿಲ್ಲ. ನೇತ್ರಾಳೇ ಹೇಳಿದಳು: "ನಸಿಕಿನ್ಯಾಗ, ಒಂದೀಟಽ. ರಕ್ತಾ ಬಿದ್ದಿಲ್ಲ. ಜ್ವರಾನೂ ಇಲ್ಲ."

ಸರಿತಾ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದಳು. ಈಗಲೇ ಓಆರ್‌ಎಸ್ ಕುಡಿಸಲು ಶುರು ಮಾಡಿ, ಚೇತರಿಸದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ ಎಂದರು ಅವರು. ಆಮೇಲೆ ನನ್ನ ಮಗ ಈಶ್ವರನಿಗೆ ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸಲು ಹೇಳಿದಳು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಓಆರ್‌ಎಸ್ ಪೊಟ್ಟಣ ಸುರಿದು ಕಲಸಿದಳು.

"ಮತ್ತ ನೀರಽ?" ಎಂದೆ ನಾನು.

"ದೊಡ್ಡವ್ವ, ನೀವು ನೀರ ಕೊಟ್ರೂ ಜುಲಾಬ ಹೋಗತೈತಿ, ಕೊಡದಿದ್ರೂ ಹೋಗತೈತ್ರಿ. ಕೊಡದಿದ್ರ ಮೈಯಾಗಿನ ನೀರಽ ಹೋಗತೈತಿ. ಅದು ಖಾಲಿ ಆತಂದ್ರ ಕೂಸ ಉಳ್ಯಾಂಗಿಲ್ಲ. ಈಗ ಇದನ್ನ ಕುಡೀಲಿಲ್ಲಂದ್ರ, ಇಲ್ಲಾ ಮಂಪರ ಬಂದ್ರ, ಸೀದಾ ಗೋಕಾಕ ಆಸ್ಪತ್ರಿಗೆ ಹೋಗೂದ."

ಉಳಿಯುವುದಿಲ್ಲ ಎಂದದ್ದು ಕೇಳಿದ್ದೇ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡೆ. ಚಮಚ ನಾನೇ ಹಿಡಿದೆ. ಒಂದು ಚಮಚ, ಸ್ವಲ್ಪ ಹೊತ್ತು, ಮತ್ತೊಂದು ಚಮಚ. ನಡುವೆ ಒಂದು ಸಲ ಕಕ್ಕಿತು. ನಾನು ಹೆದರಿ ಕೈಬಿಟ್ಟೆ. "ಹತ್ತ ಮಿನಿಟ ಬಿಟ್ಟು ಮತ್ತ ಹಾಕ್ರಿ, ಇನ್ನೂ ಸಾವಕಾಶ" ಎಂದಳು ಸರಿತಾ. ಅವಳು ಅಲ್ಲಾಡದೆ ಕುಳಿತಿದ್ದಳು. ಈಶ್ವರ ಬಾಗಿಲಲ್ಲಿ ನಿಂತೇ ಇದ್ದ.

ಸುಮಾರು ಎರಡು ತಾಸಾಗಿರಬೇಕು. ನನ್ನ ತೊಡೆ ಬೆಚ್ಚಗಾಯಿತು. ಸೀರೆ ತೊಯ್ದುಹೋಯಿತು, ಕೂಸು ಉಚ್ಚೆ ಹೊಯ್ದಿತ್ತು. ಮೂರು ಮಂದಿ ಮೊಮ್ಮಕ್ಕಳು ನನ್ನ ಸೀರೆ ತೋಯಿಸಿದ್ದಾರೆ, ಪ್ರತಿ ಸಲ ಬೈದಿದ್ದೇನೆ. ಅವತ್ತು ಮಾತ್ರ ಕಾಜಲ್‌ಳ ತಲೆ ಎದೆಗೊತ್ತಿಕೊಂಡು ಅತ್ತುಬಿಟ್ಟೆ.

ಸಂಜೆಯ ಮುಂದೆ ಕೂಸು "ಹಸಿವ್ಯಾಗೈತಿ" ಎಂದಿತು. ನನ್ನ ಹಳೆಯ ಚಟ ಹೋಗಿರಲಿಲ್ಲ. "ಇವತ್ತ ಹೊಟ್ಟಿ ಖಾಲಿ ಇರಲಿ ಬಿಡ" ಎಂದೆ.

ಸರಿತಾ ನನ್ನ ಬಾಜೂ ಬಂದು ಕುಳಿತಳು. "ದೊಡ್ಡವ್ವ, ನಿಮ್ಮ ಎಮ್ಮಿ ಈದ ಮ್ಯಾಲ ಏನ ತಿನಸ್ತೀರಿ?"

"ನುಚ್ಚ ಕುದಿಸಿ ಗಂಜಿ ಹಾಕ್ತೇವಿ."

"ಬರೇ ಒಣಾ ಜ್ವಾಳದ ಕಣಿಕಿ ಯಾಕ ಹಾಕೂದಿಲ್ರಿ?"

"ಸೋತ ಮೈಯವ್ವಾ ಅದು. ಹೆಂಗ ಅರಗಬೇಕ?" ಎಂದೆ. ಎಂದ ಮೇಲೆ ನನಗೇ ನಾಚಿಕೆಯಾಯಿತು. ಎಮ್ಮೆಗೆ ತೋರಿಸುವ ಕರುಣೆಯನ್ನು ಮೊಮ್ಮಗಳಿಗೆ ತೋರಿಸಿರಲಿಲ್ಲ ನಾನು.

ನೇತ್ರಾ ಅಕ್ಕಿಗೆ ಒಂದು ಹಿಡಿ ಹೆಸರುಬೇಳೆ ಸೇರಿಸಿ, ಚಿಟಿಕೆ ಉಪ್ಪು ಹಾಕಿ, ಬೆರಳಲ್ಲಿ ಒತ್ತಿದರೆ ಕರಗುವಷ್ಟು ಮೆತ್ತಗೆ ಬೇಯಿಸಿದಳು. ಕಾಜಲ್ ನಾಲ್ಕೇ ತುತ್ತು ತಿಂದಳು. "ಸಾಕ್ರಿ, ತಾಸಿಗೊಮ್ಮೆ, ಎರಡ ತಾಸಿಗೊಮ್ಮೆ ಹಿಂಗಽ ಒಂದೀಟೀಟ ಕೊಡ್ರಿ" ಎಂದಳು ಸರಿತಾ. ಮೊಸರನ್ನ ಆಗುತ್ತದೆ, ಹಣ್ಣಾದ ಬಾಳೆ ಆಗುತ್ತದೆ, ತೆಳ್ಳನೆಯ ಜೋಳದ ಅಂಬಲಿಯೂ ಆಗುತ್ತದೆ ಎಂದಳು. ಚಟ್ನಿ, ಭಜಿ, ಚಹಾ, ಬಾಟಲಿ ಶರಬತ್ತು ಬೇಡ. ಝಿಂಕ್ ಗುಳಿಗೆ ಕೊಟ್ಟು, ದಿನಕ್ಕೊಂದರಂತೆ ಹದಿನಾಲ್ಕು ದಿನ, ಭೇದಿ ನಿಂತರೂ ಬಿಡಬಾರದು ಎಂದು ನೇತ್ರಾಳಿಂದ ಎರಡು ಸಲ ಹೇಳಿಸಿದಳು. ಕಲಸಿದ ಓಆರ್‌ಎಸ್ ನೀರು ಒಂದು ದಿನಕ್ಕಷ್ಟೇ. ಉಳಿದರೆ ಚೆಲ್ಲಿ ಹೊಸದು ಮಾಡಬೇಕು.

ಭೇದಿ ಒಮ್ಮೆಗೇ ನಿಲ್ಲಲಿಲ್ಲ. ಮರುದಿನ ಮೂರು ಸಲ, ಅದರ ಮರುದಿನ ಒಂದೇ ಸಲ. ನಾಲ್ಕನೆಯ ದಿನ ಕಾಜಲ್ ಕರುವಿನ ಬಾಲ ಹಿಡಿದು ಓಡುತ್ತಿದ್ದಳು. ಅಂದು ಒಲೆಯ ಮುಂದೆ ಕುಳಿತಿದ್ದ ಸೊಸೆಯ ಹತ್ತಿರ ಹೋಗಿ, "ನಂದ ತಪ್ಪಾತವ್ವ ನೇತ್ರಾ" ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನಗೂ ಒಂದು ತಟ್ಟೆ ಹಾಕಿದಳು.

ಅಕ್ಕಂದಿರೇ, ತಂಗಿಯರೇ, ನನ್ನಂತೆ ವಯಸ್ಸಿನ ಗರ್ವ ಹೊತ್ತ ಹಿರಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ನೀರು ನಿಲ್ಲಿಸಬೇಡಿ, ಊಟ ನಿಲ್ಲಿಸಬೇಡಿ. ಮೊಲೆ ಕುಡಿಯುವ ಕೂಸಾದರೆ ಹಾಲು ಬಿಡಿಸಬೇಡಿ. ಓಆರ್‌ಎಸ್ ಕುಡಿಸಿ, ಮೆತ್ತಗಿನದು ಉಣಿಸಿ, ಸಾಬೂನು ಹಚ್ಚಿ ಕೈ ತೊಳೆಯಿರಿ, ನೀರು ಕಾಯಿಸಿ ಕುಡಿಯಿರಿ. ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಬಂದರೆ, ಉಚ್ಚೆ ನಿಂತರೆ, ಕಣ್ಣು ಗುಳಿಬಿದ್ದರೆ, ಕುಡಿದದ್ದೆಲ್ಲ ಕಕ್ಕಿದರೆ, ಕೂಸು ಮಂಕಾಗಿ ಮಲಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ತಪ್ಪು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು. ನಿಮ್ಮ ಕೂಸಿನ ಹತ್ತಿರ ಅಷ್ಟು ದಿನ ಇರುವುದಿಲ್ಲ.