ಮಡಿಲಿಗೆ ಕೊಟ್ಟ ಮೇಲೆ

ಕುಕ್ಕರ್ ಕೂಗಿದ್ದು ಮೂರನೆಯದೋ ನಾಲ್ಕನೆಯದೋ, ಲೆಕ್ಕ ತಪ್ಪಿತು, ಇನ್ನೊಂದು ಕೂಗಲಿ, ಅನ್ನ ಮೆತ್ತಗಾದರೆ ರೋಜಾಗೇ ಒಳ್ಳೆಯದು, ಆರು ವರ್ಷದವಳು, ಮುಂದಿನ ಹಲ್ಲು ಎರಡೂ ಬಿದ್ದಿವೆ — ಅವಳಮ್ಮ ಮೇನಕಾ ಐದೂವರೆಗೇ ಆಸ್ಪತ್ರೆಯ ಡ್ಯೂಟಿ ವ್ಯಾನು ಹತ್ತಿದಳು, ಹೋಗುವಾಗ ಕಾರಿನ ಕೀ ಮಗುವಿನ ಸ್ಕೂಲ್ ಬ್ಯಾಗಿಗೆ ಸಿಕ್ಕಿಸಿ, ಇವತ್ತಿಂದ ಕಾರ್ನಾಗೇ ಕರ್ಕೊಂಡೋಗಿ, ನಿಮ್ ಸೈಕಲ್ಲೂ ಸಾಕು ಬಸ್ಸೂ ಸಾಕು, ಅಂದಳು, ಜಗಳದ ದನಿಯಲ್ಲ, ರೋಗಿಗೆ ಮಾತ್ರೆ ಹೇಳುವ ನರ್ಸಿನ ದನಿ. ಸರಿಯೇ. ಆದರೆ ಕಾರಿನಲ್ಲಿ ಸೇಲಂನ ಶಾಲೆಗೆ ಹೋಗಿ ನೋಡಿದ್ದೇನಲ್ಲ ಮೂರು ವರ್ಷ, ಅಮ್ಮಾಪೇಟೆಯಲ್ಲಿ ಅರ್ಧ ಗಂಟೆ ನಿಂತಲ್ಲೇ, ಆಮೇಲೆ ನಿಲ್ಲಿಸಲು ಜಾಗ ಹುಡುಕುತ್ತ ಮೂರು ಬೀದಿ, ಹಿಂದಿನ ಸೀಟಿನಲ್ಲಿ ರೋಜಾಗೆ ವಾಂತಿ. ಸೈಕಲ್ಲಾದರೆ ಮೇನ್ ರೋಡಿಗೆ ಹತ್ತು ನಿಮಿಷ, ಅಲ್ಲಿಂದ ಹರೂರು ಕಡೆಯಿಂದ ಸೇಲಂಗೆ ಹೋಗುವ ಬಸ್ಸು, ಶಾಲೆಯ ಎದುರೇ ಸ್ಟಾಪು, ಎರಡು ತಿಂಗಳು ನಡೆದಿದೆ, ಮಳೆಯ ನಾಲ್ಕು ದಿನ ಬಿಟ್ಟು. ಆಫೀಸಿನ ಪಳನಿ ಕೇಳಿದ್ದ, ಎನ್ನಡಾ, ನಿಂತ ಕಾರ್ನಾಗೆ ಕೋಳಿ ಸಾಕ್ತಾ ಇದೀಯಂತೆ, ಮೊಟ್ಟೆ ಇಕ್ತಾ — ನಾನೂ ನಕ್ಕಿದ್ದೆ. ನಿನ್ನೆಯವರೆಗೆ ನಗಬಹುದಿತ್ತು. ನಿನ್ನೆ ಸೈಕಲ್ಲಿಗೆ ಬೀಗ ಹಾಕುವ ಮೊದಲೇ ಬಸ್ಸು ಬಂತು, ಬಾಗಿಲ ತುಂಬ ಜನ, ಎಲ್ಲರೂ ಮಾಡುವುದನ್ನೇ ಮಾಡಿದೆ, ಕಿಟಕಿಯಿಂದ ರೋಜಾಳನ್ನು ಒಳಗೆ ದಾಟಿಸಿ ಒಬ್ಬ ಮುದುಕಿಯ ಮಡಿಲಿಗೆ ಕೊಟ್ಟೆ, ಹೆಸರು ಕೇಳುವುದಿಲ್ಲ, ಮುಖವನ್ನೂ ನೋಡುವುದಿಲ್ಲ, ಬ್ಯಾಗು ಕೊಟ್ಟಂತೆ ಮಗು ಕೊಡುತ್ತೇವೆ, ಅವ್ವ ನನ್ನನ್ನೂ ಕಂಬೈನಲ್ಲೂರು ಬಸ್ಸಿನಲ್ಲಿ ಹಾಗೇ ಕೊಡುತ್ತಿದ್ದಳು, ಮಲ್ಲಿಗೆ ವಾಸನೆಯ ಮಡಿಲು, ಎಲೆಯಡಿಕೆ ವಾಸನೆಯ ಮಡಿಲು — ಕೊಟ್ಟ ಮೇಲೆ ಬೀಗ ಹಾಕಲು ಬಗ್ಗಿದೆ, ಬಗ್ಗಬಾರದಿತ್ತು, ಪೋಲಾಂ ರೈಟ್ ಅಂದ ಕಂಡಕ್ಟರು, ಬಸ್ಸು ಹೊರಟೇಬಿಟ್ಟಿತು. ಕೂಗಿದೆ, ಯಾರಿಗೂ ಕೇಳಲಿಲ್ಲ, ಸೈಕಲ್ ಹತ್ತಿ ತುಳಿಯುತ್ತೇನೆ, ಬಸ್ಸಿನ ಹಿಂದಿನ ಗಾಜು ಸಣ್ಣದಾಗುತ್ತಿದೆ, ಮುದುಕಿಯ ಸೀರೆ ಯಾವ ಬಣ್ಣ, ಗೊತ್ತಿಲ್ಲ, ಪೊಲೀಸರು ಕೇಳಿದರೆ, ಮೇನಕಾ ಕೇಳಿದರೆ, ಗೊತ್ತಿಲ್ಲ ಅಂತಲೇ ಹೇಳಬೇಕು, ಯಾರಿಗೆ ಕೊಟ್ಟೆನೋ ಗೊತ್ತಿಲ್ಲ, ಒಂದೂವರೆ ಕಿಲೋಮೀಟರ್ — ಮುಂದಿನ ಸ್ಟಾಪಿನಲ್ಲಿ ಬಸ್ಸಿಲ್ಲ. ಕಲ್ಲಿನ ಮೇಲೆ ಮುದುಕಿ ಕೂತಿದ್ದಾಳೆ, ಮಡಿಲಲ್ಲಿ ರೋಜಾ, ಹಸಿರು ಹಚ್ಚೆಯ ಕೈ ಮಗುವಿನ ಹೊಟ್ಟೆಗೆ ಅಡ್ಡ. ಮಗೂನ ಕೊಟ್ಬುಟ್ಟು ಸೈಕಲ್‌ಗೆ ಬೀಗ ಹಾಕ್ತಾರೇನ್ಲಾ, ಅಂದಳು. ಸೈಕಲ್ ಅಲ್ಲೇ ಬಿಟ್ಟು ಹತ್ತಿರ ಹೋದೆ. ನಮ್ ಮಾತ್ನಾಗೆ ಅಳ್ತಿದ್ಲು, ಇಳ್ದ್‌ಬುಟ್ಟೆ, ತಮಿಳ್ನಾಗೆ ಅತ್ತಿದ್ರೂ ಇಳೀತಿದ್ದೆ ಬುಡು, ಅಂತ ನಕ್ಕಳು. ಹೆಸರು ವಳ್ಳಿಯಮ್ಮ, ಸೇಲಂನ ಕಣ್ಣಾಸ್ಪತ್ರೆಯಲ್ಲಿ ಬೆಳಗಿನ ಟೋಕನ್ ಇತ್ತಂತೆ, ಬಸ್ಸಿನ ಜೊತೆ ಅದೂ ಹೋಯಿತು. ಓಗ್ಲಿ, ಕಣ್ಣು ನಾಳೀಕೂ ಇರ್ತೈತೆ, ನಾಳೆ ಓಗ್ತೀನಿ, ಅಂದಳು. ಮೇನಕಾಗೆ ಹೇಳದೆ ಇರೋಣವೆಂದುಕೊಂಡಿದ್ದೆ, ಸಂಜೆ ರೋಜಾ ಚಪ್ಪಲಿ ಬಿಚ್ಚುವ ಮೊದಲೇ ಹೇಳಿಬಿಟ್ಟಳು — ಕುಕ್ಕರ್ ಆರಿಸಿದೆ, ರೋಜಾ ಎದ್ದು ಬಂದಳು, ಬ್ಯಾಗಿನ ಕೀ ಮುಟ್ಟಿ ನೋಡಿ, ಕಾರಾ ಅಪ್ಪಾ, ಆ ಅಜ್ಜಿ ಇವತ್ತು ಕಣ್ಣು ತೋರ್ಸಕ್ಕೆ ಬತ್ತಾಳಲ್ಲಾ, ಅಂದಳು. ಬಸ್ಸೇ ಕಣಮ್ಮಾ, ಅಂದೆ, ಬಾಯಿ ಮೊದಲು ಹೇಳಿತು, ಲೆಕ್ಕ ಆಮೇಲೆ ಹಾಕುತ್ತಿದ್ದೇನೆ, ಕಿಟಕಿ ಬೇಡ, ಎತ್ತಿಕೊಂಡು ಬಾಗಿಲಲ್ಲೇ ಹತ್ತಬೇಕು, ಬಸ್ಸು ತುಂಬಿದ್ದರೆ ಬಿಡಬೇಕು, ಮುಂದಿನದೂ ತುಂಬಿದ್ದರೆ ಅದನ್ನೂ ಬಿಡಬೇಕು, ತಡವಾಗುತ್ತದೆ, ಕಾರಿನಲ್ಲೂ ತಡವೇ, ಸಂಜೆ ಮೇನಕಾಗೆ ಹೀಗೇ ಹೇಳಬೇಕು, ಎಲ್ಲ ಸರಿಯಾಗಿದೆ, ಆದರೆ ಅವಳು ಒಂದೇ ಕೇಳುತ್ತಾಳೆ, ಆ ಮಡಿಲು ಬೇರೆ ಯಾರದ್ದಾದರೂ ಆಗಿದ್ದರೆ — ಬಸ್ಸಿಲ್ಲದ ರಸ್ತೆ, ಕಲ್ಲು, ಮಗುವಿನ ಹೊಟ್ಟೆಗೆ ಅಡ್ಡ ಹಸಿರು ಹಚ್ಚೆಯ ಕೈ, ನಾನು ಹತ್ತಿರ ಬಂದು ನಿಂತ ಮೇಲೂ ಸಡಿಲವಾಗದ ಕೈ, ನಾನು ಅಪ್ಪನೆಂದು ರೋಜಾ ಹೇಳುವವರೆಗೂ ಬಿಡದ ಆ ಕೈ