ಫೋನಿನೊಳಗೆ ದೂರವಿದ್ದ ಆನೆ

ನಮ್ಮೂರು ದಾಟಿ ಸ್ವಲ್ಪ ದೂರ ಹೋದರೆ ರಸ್ತೆ ಕಾಡಿನ ಅಂಚಿಗೆ ತಾಗುತ್ತದೆ. ಅಲ್ಲೊಂದು ಕೆರೆ ಇದೆ. ಸಂಜೆಯಾದರೆ ಆನೆಗಳು ನೀರು ಕುಡಿಯಲು ಬರುತ್ತವೆ. ಮೊದಲೆಲ್ಲ ಆನೆ ಕಂಡರೆ ಗಾಡಿಯವರು ದೂರದಲ್ಲೇ ನಿಲ್ಲಿಸಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಈಗ ಆನೆ ಕಂಡರೆ ಗಾಡಿಗಳ ಬಾಗಿಲುಗಳು ಪಟಪಟ ತೆರೆದುಕೊಳ್ಳುತ್ತವೆ. ಜನ ಇಳಿಯುತ್ತಾರೆ, ಆನೆಗೆ ಬೆನ್ನು ಹಾಕಿ ನಿಲ್ಲುತ್ತಾರೆ, ಫೋನ್ ಹಿಡಿದ ಕೈ ಉದ್ದಕ್ಕೆ ಚಾಚಿ ನಗುತ್ತಾರೆ.

ನಾನು ಬಸ್ ನಿಲ್ದಾಣದ ಎದುರಿನ ಫೋಟೋ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಗುರುತಿನ ಚೀಟಿಗೆ ಫೋಟೋ ತೆಗೆಯುವುದು, ಮುಖದ ಹಿಂದಿರುವ ಗೋಡೆ ಕಿಟಕಿಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಬಿಳಿ ಮಾಡುವುದು, ಪ್ರಿಂಟ್ ಹಾಕಿ ಲ್ಯಾಮಿನೇಟ್ ಮಾಡುವುದು ನನ್ನ ಕೆಲಸ. ನೋಡುವುದು ಹೆಚ್ಚು, ಮಾತು ಕಡಿಮೆ. "ನಿನ್ನ ಬಾಯಿಗೆ ಲ್ಯಾಮಿನೇಷನ್ ಮಾಡಿದ್ದು ಯಾರಮ್ಮ?" ಎಂದು ಮಾಲೀಕರು ತಮಾಷೆ ಮಾಡುತ್ತಾರೆ.

ನಮ್ಮ ಬೀದಿಗೆ ಆನೆ ಫೋಟೋದ ಹುಚ್ಚು ಹತ್ತಿಸಿದವನು ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. ಊಟಕ್ಕೆ ಕೂತಾಗಲೂ ಅವನ ಜೇಬಿನಲ್ಲಿ ಸ್ಪ್ಯಾನರ್ ಇರುತ್ತಿತ್ತು, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಸ್ಪ್ಯಾನರ್. ಮನೆಯಲ್ಲಿ ತಾಯಿ, ಮಗ ಇಬ್ಬರೇ. ನನ್ನ ಸೈಕಲ್ ಚೈನ್ ಕಳಚಿದರೆ ನಾನು ಕೇಳುವ ಮೊದಲೇ ಬಂದು ಹಾಕಿಕೊಡುತ್ತಿದ್ದ. ಒಂದು ದಿನ ಅವನು ಕೆರೆಯ ಹತ್ತಿರ ಆನೆಯ ಜೊತೆ ಫೋಟೋ ತೆಗೆದುಕೊಂಡು ಬಂದ. ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟವಳು ನಾನೇ. ಅದನ್ನು ಗ್ಯಾರೇಜಿನ ಗೋಡೆಗೆ ತೂಗುಹಾಕಿದ. ರಿಪೇರಿಗೆ ಬಂದವರೆಲ್ಲ ಅದನ್ನು ನೋಡಿ ಅವನ ಬೆನ್ನು ತಟ್ಟಿ ಹೋಗುತ್ತಿದ್ದರು.

ಆ ಫೋಟೋ ನೋಡಿ ಹೆಚ್ಚು ಹೊಟ್ಟೆ ಉರಿಸಿಕೊಂಡವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಅವರು ಬೇಕರಿಯ ವ್ಯಾನ್ ಓಡಿಸುತ್ತಾರೆ. ನಾನು ಇರುವುದು ಅವರ ಮನೆಯಲ್ಲೇ. ಆರು ವರ್ಷದ ಮಗಳು ಪುಟ್ಟಿಯನ್ನು ಭುಜದ ಮೇಲೆ ಕೂರಿಸಿಕೊಂಡು, ಹಿಂದೆ ಆನೆ ಬರುವ ಹಾಗೆ ಫೋಟೋ ತೆಗೆಯಬೇಕು, ಸ್ಪ್ಯಾನರನ ಆನೆಗಿಂತ ತಮ್ಮ ಆನೆ ದೊಡ್ಡದಾಗಿ ಕಾಣಬೇಕು ಎಂಬುದು ಅವರ ಆಸೆ. ಮುಂದಿನ ಭಾನುವಾರ ಹೋಗುವುದೆಂದು ಪುಟ್ಟಿಗೆ ಮಾತು ಕೊಟ್ಟಿದ್ದರು. ಅಕ್ಕ ಬೇಡವೆಂದಳು, ಗೋಗರೆದಳು, ಒಂದು ಹೊತ್ತು ಮಾತು ಬಿಟ್ಟಳು. ಭಾವ ಜಗ್ಗಲಿಲ್ಲ.

"ಅವನಿಗೇನಾಯ್ತು? ಗುಂಡುಕಲ್ಲಿನ ಹಾಗೆ ಇದಾನೆ. ಆನೆ ಅದರ ಪಾಡಿಗೆ ನೀರು ಕುಡಿಯುತ್ತೆ, ನಾನು ನನ್ನ ಪಾಡಿಗೆ ಫೋಟೋ ತೆಗೀತೀನಿ."

ಮಂಗಳವಾರ ಕಾಡಿನ ಗಾರ್ಡ್ ನಮ್ಮ ಅಂಗಡಿಗೆ ಬಂದರು. ಕೆರೆ ದಾರಿಯಲ್ಲಿ ಹಾಕುವ ಎಚ್ಚರಿಕೆಯ ಕಾಗದಗಳಿಗೆ ಲ್ಯಾಮಿನೇಷನ್ ಆಗಬೇಕಿತ್ತು. ಭಾವ ಮತ್ತು ಸ್ಪ್ಯಾನರ್ ಅಲ್ಲೇ ಚಹಾ ಕುಡಿಯುತ್ತಿದ್ದರು. ಗಾರ್ಡ್ ಇಬ್ಬರನ್ನೂ ಕೂರಿಸಿಕೊಂಡು ಸಮಾಧಾನವಾಗಿಯೇ ತಿಳಿಸಿದರು. ಈಗ ಆ ಕಡೆ ಬರುತ್ತಿರುವುದು ಮರಿ ಹಾಕಿದ ಆನೆ. ಮರಿ ಜೊತೆಗಿದ್ದರೆ ಅದು ಯಾರನ್ನೂ ನಂಬುವುದಿಲ್ಲ. ಓಟದಲ್ಲಿ ಮನುಷ್ಯ ಅದಕ್ಕೆ ಸಮನಲ್ಲ.

"ಕಿವಿ ಬೀಸ್ತಾ ಇದ್ರೆ ಅದಕ್ಕೆ ಸೆಖೆ ಅಂತ ಅಂದ್ಕೊಳ್ಳಿ. ಬೀಸೋದು ನಿಲ್ಲಿಸಿ, ಕಿವಿ ಅಗಲ ಮಾಡಿ ನಿಂತ್ರೆ ನಿಮ್ಮನ್ನೇ ನೋಡ್ತಿದೆ ಅಂತ. ಬೆನ್ನು ಹಾಕಿ ನಿಂತವನಿಗೆ ಅದೆಲ್ಲಿ ಕಾಣುತ್ತೆ?"

"ಫೋನಲ್ಲಿ ಕಾಣುತ್ತಲ್ಲ ಸ್ವಾಮಿ," ಎಂದರು ಭಾವ. "ಅಷ್ಟು ದೂರ ಇರುತ್ತೆ. ಹತ್ತಿರ ಬಂದ್ರೆ ಗಾಡಿ ಹತ್ತೋದು, ಹೋಗೋದು."

"ನಿಮ್ಮ ಆನೆಗೆ ಬ್ರೇಕ್ ಹಿಡೀತಿಲ್ಲ ಅಂದ್ರೆ ನಮ್ಮ ಗ್ಯಾರೇಜಿಗೆ ಕಳಿಸಿ," ಎಂದ ಸ್ಪ್ಯಾನರ್. ಇಬ್ಬರೂ ನಕ್ಕರು. ಗಾರ್ಡ್ ನಗಲಿಲ್ಲ. ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು.

ಆಗ ನಾನೊಂದು ಮಾತು ಹೇಳಬೇಕಿತ್ತು. ನಮ್ಮ ಕೆಲಸದವರಿಗೆ ಗೊತ್ತಿರುವ ಮಾತು ಅದು. ಫೋನಿನ ಮುಂಭಾಗದ ಕ್ಯಾಮೆರಾದಲ್ಲಿ ಹತ್ತಿರ ಇರುವುದು ಹಿಗ್ಗುತ್ತದೆ, ಹಿಂದೆ ಇರುವುದು ಕುಗ್ಗಿ ದೂರ ಹೋಗುತ್ತದೆ. ಮೂಗು ದಪ್ಪ ಬಂತು ಎಂದು ಜನ ಬಂದು ನಮ್ಮನ್ನು ಬಯ್ಯುವುದು ಇದಕ್ಕೇ. ಸ್ಪ್ಯಾನರಣ್ಣನ ಮೊದಲ ಫೋಟೋದಲ್ಲೂ ಆನೆ ಕಂಡಷ್ಟು ದೂರ ಇರಲಿಲ್ಲ. ಪ್ರಿಂಟ್ ಹಾಕುವಾಗಲೇ ನನಗೆ ಅದು ಗೊತ್ತಾಗಿತ್ತು. ಬಾಯಿ ತೆರೆದೆ. ಭಾವ ಏನು ಎಂಬಂತೆ ನೋಡಿದರು. ನಾನು ತಲೆ ತಗ್ಗಿಸಿ ಕತ್ತರಿ ಎತ್ತಿಕೊಂಡೆ.

ಗುರುವಾರ ಸ್ಪ್ಯಾನರ್ ರಿಪೇರಿ ಮುಗಿದ ಜೀಪನ್ನು ಓಡಿಸಿ ನೋಡಲು ಒಬ್ಬನೇ ಕೆರೆಯ ದಾರಿಯಲ್ಲಿ ಹೋದ. ಹೊತ್ತು ಮುಳುಗುವ ಮೊದಲೇ, ಆನೆ ಅವನನ್ನು ತುಳಿದು ಕೊಂದಿತೆಂದು ಸುದ್ದಿ ಬಂತು. ಗಾರ್ಡ್ ಕಡೆಯವರ ಜೊತೆ ಹೋಗಿ ಅವನನ್ನು ಎತ್ತಿಕೊಂಡು ಬಂದವರು ಭಾವ. ಕಂಡದ್ದನ್ನು ಅವರು ಅಕ್ಕನಿಗೊಬ್ಬಳಿಗೇ ಹೇಳಿದರು. ಅಕ್ಕ ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ.

ಶನಿವಾರ ಭಾವ ಸ್ಪ್ಯಾನರಣ್ಣನ ತಾಯಿಯನ್ನು ಕೈಹಿಡಿದು ಅಂಗಡಿಗೆ ಕರೆತಂದರು. ಮಾಲೀಕರು ಊರಲ್ಲಿರಲಿಲ್ಲ. ಆ ತಾಯಿ ಸೆರಗಿನೊಳಗಿಂದ ಮಗನ ಫೋನ್ ತೆಗೆದು ನನ್ನ ಮುಂದಿಟ್ಟರು. ಗಾಜು ಒಡೆದಿತ್ತು, ಫೋಟೋಗಳು ಉಳಿದಿದ್ದವು. ಗೋಡೆಗೆ ಹಾಕಲು ಮಗನ ಒಂದು ಒಳ್ಳೆಯ ಫೋಟೋ ಬೇಕಿತ್ತು. ಬೇರೆ ಎಲ್ಲದರಲ್ಲೂ ಮುಖಕ್ಕೆ ಗ್ರೀಸ್ ಮೆತ್ತಿದೆ, ಕೊನೆಗೆ ತೆಗೆದ ಇದರಲ್ಲಿ ಮಾತ್ರ ಮುಖ ತೊಳೆದುಕೊಂಡು ನಗುತ್ತಿದ್ದಾನೆ ಎಂದರು. "ಹಿಂದಿರೋದನ್ನ ತೆಗೆದುಬಿಡು ಮಗಳೇ. ಅದು ಬೇಡ."

ಒಂದರ ಹಿಂದೆ ಒಂದು ನಾಲ್ಕು ಫೋಟೋ ಇದ್ದವು. ನಾಲ್ಕೂ ಒಂದೇ ನಿಮಿಷದವು. ಮೊದಲನೆಯದರಲ್ಲಿ ಆನೆ ಮರಗಳ ಸಾಲಿನಲ್ಲಿದೆ, ಕಿವಿ ಅಲುಗಾಡಿ ಮಸುಕಾಗಿದೆ. ಎರಡನೆಯದರಲ್ಲಿ ಕಿವಿ ಅಗಲವಾಗಿ ನಿಂತಿದೆ. ಮೂರನೆಯದರಲ್ಲಿ ಮರಗಳಿಂದ ಈಚೆಗಿದೆ. ನಾಲ್ಕನೆಯದರಲ್ಲೂ ಅದು ಒಂದು ಹೊಲದಷ್ಟು ದೂರ ಇದ್ದ ಹಾಗೇ ಕಾಣುತ್ತದೆ. ಸ್ಪ್ಯಾನರಣ್ಣನ ನಗು ನಾಲ್ಕರಲ್ಲೂ ಒಂದೇ. ಅಳಿಸಲು ಕೊನೆಯದನ್ನು ದೊಡ್ಡದು ಮಾಡಿದಾಗ ಆನೆಯ ಕಾಲುಗಳ ಸಂದಿಯಲ್ಲಿ ಇನ್ನೆರಡು ಪುಟ್ಟ ಕಾಲು ಕಂಡವು. ಗಾರ್ಡ್ ಹೇಳಿದ್ದ ಮರಿ. ಮೊದಲು ಮರಿಯನ್ನು ಅಳಿಸಿದೆ, ಆಮೇಲೆ ತಾಯಿಯನ್ನು.

ಆ ಅಮ್ಮ ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು.

"ಅಷ್ಟು ದೂರ ಇದೆಯಲ್ಲಮ್ಮ. ಓಡಬಹುದಿತ್ತಲ್ಲ. ಯಾಕೆ ಓಡಲಿಲ್ಲ ನನ್ನ ಮಗ?"

ಭಾವ ನೆಲ ನೋಡಿದರು. ನಾನು ಕಂಪ್ಯೂಟರ್ ನೋಡಿದೆ.

ಅವರನ್ನು ಮನೆಗೆ ಬಿಟ್ಟು, ಪ್ರಿಂಟ್ ತೆಗೆದುಕೊಂಡು ಹೋಗಲು ಭಾವ ಮತ್ತೆ ಬಂದರು. ಫೋಟೋವನ್ನು ಬಹಳ ಹೊತ್ತು ನೋಡಿ, ಸ್ಪ್ಯಾನರ್ ಮೈಮರೆತುಬಿಟ್ಟ, ಗಾಡಿಯಿಂದ ಅಷ್ಟು ಮುಂದೆ ಹೋಗಬಾರದಿತ್ತು ಎಂದರು. ಆಮೇಲೆ, ತಮ್ಮಷ್ಟಕ್ಕೇ ಎಂಬಂತೆ, "ಪುಟ್ಟಿ ದಿನಾ ಕೇಳ್ತಾಳೆ. ಸ್ವಲ್ಪ ದಿನ ಕಳೀಲಿ. ಗಾಡಿ ಬಾಗಿಲ ಹತ್ರಾನೇ ನಿಂತು ಒಂದೇ ಒಂದು ತೆಗೆದ್ರಾಯ್ತು," ಎಂದರು.

ಕತ್ತರಿ ಕೆಳಗಿಟ್ಟೆ. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

"ಭಾವ, ನಿಮ್ಮ ಫೋನ್ ತೆಗೀರಿ. ನನಗೆ ಬೆನ್ನು ಹಾಕಿ, ಸೆಲ್ಫಿ ತೆಗೆಯೋ ಹಾಗೆ ಹಿಡೀರಿ," ಎಂದೆ. ಅವರ ಹಿಂದಿನ ಗೋಡೆಗೆ ಒರಗಿ ನಿಂತೆ. "ಫೋನಲ್ಲೇ ನೋಡಿ ಹೇಳಿ. ನಾನು ಎಷ್ಟು ದೂರ ಇದೀನಿ?"

"ಹತ್ತು ಹನ್ನೆರಡು ಹೆಜ್ಜೆ."

"ತಿರುಗಿ ಅಳೀರಿ."

ಅಳೆದರು. ಐದು ಹೆಜ್ಜೆಗೆ ನನ್ನ ಮುಂದೆ ಬಂದು ನಿಂತರು. ಹುಬ್ಬು ಗಂಟಿಕ್ಕಿದರು.

"ಈಗ ಫೋಟೋ ತೆಗೀರಿ. ನಗು ಚೆನ್ನಾಗಿ ಬರೋವರೆಗೂ ತೆಗೀತಾ ಇರಿ."

ಇವಳಿಗೇನಾಗಿದೆ ಎಂದುಕೊಂಡಿರಬೇಕು. ಆದರೂ ಮೊದಲಿನ ಜಾಗಕ್ಕೆ ಹೋಗಿ, ಗದ್ದ ಎತ್ತಿ, ಕೂದಲು ಸರಿಮಾಡಿಕೊಂಡು ಒಂದು ತೆಗೆದರು. ನಗು ಸರಿಯಾಗಲಿಲ್ಲ. ಇನ್ನೊಂದು ತೆಗೆದರು. ನಾನು ಚಪ್ಪಲಿ ಬಿಟ್ಟು ನಡೆಯತೊಡಗಿದೆ. ನಾಲ್ಕನೆಯದು ತೆಗೆದಾಗ ನನ್ನ ಅಂಗೈ ಅವರ ಬೆನ್ನ ಮೇಲಿತ್ತು. ಅವರು ಬೆಚ್ಚಿಬಿದ್ದರು. ಫೋನ್ ಕೈಜಾರಿತು.

"ನೀವು ತೆಗೆದ ಫೋಟೋದಲ್ಲೆಲ್ಲ ನಾನಿದೀನಿ ಭಾವ. ಬರ್ತಾ ಇದೀನಿ. ನೀವು ನಿಮ್ಮ ಮುಖ ಮಾತ್ರ ನೋಡ್ಕೋತಿದ್ರಿ. ಸ್ಪ್ಯಾನರಣ್ಣ ಓಡಲಿಲ್ಲ ಅಂತಲ್ಲ, ಅವನು ನೋಡಲೇ ಇಲ್ಲ." ಬಿದ್ದ ಫೋನ್ ಎತ್ತಿ ಅವರ ಕೈಗೆ ಕೊಟ್ಟೆ. "ನಿಮ್ಮ ಭುಜದ ಮೇಲೆ ಪುಟ್ಟಿ ಇರ್ತಾಳೆ. ಅವಳನ್ನ ಇಳಿಸಿ, ಬಾಗಿಲು ತೆಗೆದು, ಒಳಗೆ ಹಾಕೋಕೆ ಎಷ್ಟು ಹೊತ್ತು ಬೇಕು?"

ಭಾವ ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ತಾವು ತೆಗೆದ ಆ ನಾಲ್ಕು ಫೋಟೋಗಳನ್ನು ಮತ್ತೆ ಮತ್ತೆ ಸರಿಸಿ ನೋಡಿದರು. ಕೊನೆಗೆ ಮುಖ ಒರೆಸಿಕೊಂಡು, "ಇದನ್ನ ಅವರಮ್ಮನಿಗೆ ಹೇಳೋದು ಬೇಡ," ಎಂದರು.

ಆ ರಾತ್ರಿ ಊಟದ ಹೊತ್ತಿನಲ್ಲಿ ಪುಟ್ಟಿ ಆನೆಯ ಸುದ್ದಿ ಎತ್ತಿದಳು. ಭಾವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾವು ಹೋಗುವುದಿಲ್ಲ, ನಾನು ಹೇಳಿದ್ದು ತಪ್ಪು ಎಂದರು. ಅವಳು ಅತ್ತು ಅತ್ತು ಅಲ್ಲೇ ನಿದ್ದೆ ಹೋದಳು. ಅಕ್ಕ ತುತ್ತು ಕೈಯಲ್ಲೇ ಹಿಡಿದು ಗಂಡನನ್ನು ನೋಡುತ್ತಾ ಕೂತಿದ್ದಳು. ಈಗ ಭಾವ ಕೆರೆಯ ದಾರಿಯಲ್ಲಿ ಜನ ಇಳಿದಿರುವುದು ಕಂಡರೆ ವ್ಯಾನ್ ನಿಧಾನ ಮಾಡಿ, ಗಾಡಿ ಹತ್ತಿ ಎಂದು ಕೈಮುಗಿಯುತ್ತಾರೆ. ಕೆಲವರು ಹತ್ತುತ್ತಾರೆ. ಕೆಲವರು, ನೀನ್ಯಾರಯ್ಯ ಹೇಳೋಕೆ ಎನ್ನುತ್ತಾರೆ.

ಇದನ್ನು ಓದುತ್ತಿರುವವರಲ್ಲಿ ನನ್ನದೊಂದು ಬೇಡಿಕೆ. ಆನೆಯಾಗಲಿ, ಕರಡಿಯಾಗಲಿ, ದಡದಲ್ಲಿ ಮಲಗಿದ ಮೊಸಳೆಯಾಗಲಿ, ಅದಕ್ಕೆ ಬೆನ್ನು ಹಾಕಿ ನಿಲ್ಲಬೇಡಿ. ಗಾಡಿಯಿಂದ ಇಳಿಯಬೇಡಿ, ಹಾರ್ನ್ ಮಾಡಿ ಕೆಣಕಬೇಡಿ. ಅದು ದಾರಿ ಬಿಡುವ ತನಕ ದೂರದಲ್ಲೇ ಕಾಯಿರಿ. ಫೋನಿನಲ್ಲಿ ದೂರ ಕಂಡದ್ದನ್ನು ನಂಬಬೇಡಿ. ನಿಮ್ಮವರು ಯಾರಾದರೂ ಹೊರಟು ನಿಂತಿದ್ದರೆ, ನನ್ನ ಹಾಗೆ ಕತ್ತರಿ ಹಿಡಿದು ಸುಮ್ಮನಿರಬೇಡಿ, ಅಂದೇ ಹೇಳಿಬಿಡಿ. ಅವರು ನಕ್ಕರೆ ನಗಲಿ. ಯಾಕೆ ಓಡಲಿಲ್ಲ ನನ್ನ ಮಗ ಎಂದು ನಿಮ್ಮ ತಾಯಿ ಯಾವ ಅಂಗಡಿಯಲ್ಲೂ ನಿಂತು ಕೇಳುವ ಹಾಗೆ ಮಾಡಬೇಡಿ.