ಒಣ ಬೋಗುಣಿ

ಅಪ್ಪ ತನ್ನ ಮಾತಿಗೆ ಕಡೆಯ ಸಲ ಬಾಯಿತುಂಬ ನಕ್ಕದ್ದು ಯಾವಾಗ? ದೋಣಿಕಟ್ಟೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತ ಬೆರ್ಮೆತ್ ಎಷ್ಟು ಹಿಂದಕ್ಕೆ ಹೋದರೂ ಅಂಥದೊಂದು ನಗು ಸಿಗಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಕೊರಗುವುದೇ ನಾಚಿಕೆಗೇಡು ಎಂದುಕೊಂಡಳು. ದಿನಚರಿಯಲ್ಲಿ ಬರೆಯಲು ಕೂಡ ಪೆನ್ನು ಎತ್ತಿರಲಿಲ್ಲ. ಆದರೆ ಕೆಳಗೆ ದೋಣಿಯಲ್ಲಿ ಅಪ್ಪ ಈಗ ನಗುತ್ತಲೇ ಇದ್ದ, ಅದೂ ಅತ್ತಿಗೆಯ ಮಾತಿಗೆ.

ಅತ್ತಿಗೆ ಜಿಪಾರ್ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನರೀನ್ ಕಡೆಯ ಲಾರಿ ಡ್ರೈವರನ ಮಗಳು, ಗ್ರೀಸಿನಲ್ಲೇ ಆಡಿ ಬೆಳೆದವಳು. ಬೆರ್ಮೆತ್ ಬಿಷ್ಕೆಕ್‌ನಲ್ಲಿ ಡಿಗ್ರಿ ಮುಗಿಸಿ ಬರುವಷ್ಟರಲ್ಲಿ ಮನೆಯ ಮೂಲೆಮೂಲೆಯಲ್ಲೂ ಈಕೆಯ ದನಿ ತುಂಬಿಕೊಂಡಿತ್ತು. ಅಪ್ಪ ಎಸೆನ್‌ಬೆಕ್‌ಗೆ ಮಂಡಿ ನೋವು, ಎಂಜಿನ್ ಗುಂಡಿಗೆ ಇಳಿಯಲಾರ. "ಈ ಸಲ ಯಾರು ಇಳೀತೀರಿ?" ಎಂದು ಅವನು ಕೇಳಿದಾಗ ಬೆರ್ಮೆತ್ 'ನಾನು' ಎಂಬ ಮಾತನ್ನು ಗಂಟಲವರೆಗೆ ತಂದುಕೊಂಡಿದ್ದಳು. ಅದು ನಾಲಿಗೆಗೆ ಬರುವ ಮೊದಲೇ ಜಿಪಾರ್ ಗುಂಡಿಯೊಳಗೆ ಸೊಂಟದವರೆಗೆ ಇಳಿದಾಗಿತ್ತು.

"ಬೆರ್ಮೆತ್! ನಿದ್ದೆ ಮಾಡ್ತಿದೀಯೇನೇ? ಬೋಗುಣಿ ತಾ!" ಗುಂಡಿಯಿಂದ ಜಿಪಾರ್ ಕೂಗಿದಳು.

ಬೋಗುಣಿ ಹಿಡಿಯುವುದು ಬೆರ್ಮೆತ್‌ಗೆ ಏಳನೆಯ ವಯಸ್ಸಿನಿಂದ ಗೊತ್ತಿದ್ದ ಕೆಲಸ. ಬೇಸಿಗೆಯಿಡೀ ಪ್ರವಾಸಿಗರನ್ನು ಹೊತ್ತು ತಿರುಗುವ ದೋಣಿ ಸರೋವರದ ನೀರನ್ನೇ ಹೀರಿ ಎಂಜಿನ್ನನ್ನು ತಂಪಾಗಿಡುತ್ತದೆ. ಚಳಿ ಬಿದ್ದರೆ ಆ ನೀರನ್ನೆಲ್ಲ ಬಸಿದು ತೆಗೆಯಬೇಕು. ಇಸ್ಸಿಕ್-ಕುಲ್ ಸರೋವರ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ, ದೋಣಿಗಳು ಚಳಿಗಾಲವೆಲ್ಲ ನೀರಿನಲ್ಲೇ ನಿಲ್ಲುತ್ತವೆ. ಅದನ್ನೇ ನಂಬಿ ಹೋದ ವರ್ಷ ಪಕ್ಕದ ಕಟ್ಟೆಯವನು ಕೈಕಟ್ಟಿ ಕೂತ. ಸರೋವರಕ್ಕೆ ಏನೂ ಆಗಲಿಲ್ಲ. ಅವನ ಎಂಜಿನ್ ಮಾತ್ರ ಒಳಗಿನ ನೀರು ಹೆಪ್ಪುಗಟ್ಟಿ ಮಣ್ಣಿನ ಗಡಿಗೆಯ ಹಾಗೆ ಬಾಯಿ ಬಿಟ್ಟಿತು. ಬೇಸಿಗೆಯಲ್ಲಿ ಅವನು ದೋಣಿ ಮಾರಿ ಊರು ಬಿಟ್ಟ.

ಜಿಪಾರ್ ಎಂಜಿನ್ನಿನ ಎಡಗಡೆಯ ನಲ್ಲಿ ತಿರುಗಿಸಿದಳು. ತುಕ್ಕು ಬಣ್ಣದ ನೀರು ಭರ್ರನೆ ಬೋಗುಣಿಗೆ ಬಿತ್ತು.

"ನೋಡಿ ಮಾವಾ, ಮುದುಕಮ್ಮನಿಗೆ ಎಷ್ಟು ಅವಸರ ಇತ್ತು ಪಾಪ!"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದೋಣಿಗೆ ಇಟ್ಟದ್ದು ಅವನ ತಾಯಿಯ ಹೆಸರು, ಸೊನುನ್. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಹಾಗಾಗಿ ಜಿಪಾರಳಿಗೆ ದೋಣಿ 'ಮುದುಕಮ್ಮ'. ಬೆರ್ಮೆತ್ ಅಜ್ಜಿಯ ಬಗ್ಗೆ ಇಂಥ ಮಾತಾಡಿದ್ದರೆ ಅಪ್ಪ ಕಣ್ಣು ಕೆಂಪಗೆ ಮಾಡುತ್ತಿದ್ದ.

ಆಮೇಲೆ ಬಲಗಡೆಯ ನಲ್ಲಿ. ಬೆರ್ಮೆತ್ ತುಂಬಿದ ಬೋಗುಣಿ ಚೆಲ್ಲಿ, ಒರೆಸಿ, ಅದರಡಿ ಹಿಡಿದಳು. ಜಿಪಾರ್ ತಿರುಗಿಸಿದಳು. ಒಂದೆರಡು ಹನಿ ಟಪ್ಪೆಂದವು. ಅಷ್ಟೆ.

"ಈ ಕಡೆ ಖಾಲಿ. ಎಲ್ಲಾ ಆ ಕಡೆಯಿಂದಲೇ ಹೋಗಿದೆ" ಎಂದು ಜಿಪಾರ್ ಕೈ ಒರೆಸಿಕೊಂಡಳು. ಲಾರಿಯಲ್ಲಿ ಹಾಗೇ ಇರಬಹುದು. ಈ ದೋಣಿಯ ಬಲಗಡೆ ಮಾತ್ರ ಶುದ್ಧ ಕಳ್ಳ. ನಲ್ಲಿಯ ಬಾಯಿಗೆ ಮರಳು, ತುಕ್ಕು ಕಟ್ಟಿಕೊಂಡು ಒಳಗಿನ ನೀರನ್ನು ಬಚ್ಚಿಟ್ಟುಕೊಳ್ಳುತ್ತದೆ. ಅಪ್ಪ ಪ್ರತಿ ವರ್ಷ ತಂತಿ ತೂರಿಸಿ ಕೆದಕುತ್ತಿದ್ದ. ಬಿಸಿನೀರ ಬುಗ್ಗೆಯಂತೆ ಚಿಮ್ಮಿದ ನೀರಲ್ಲಿ ಪುಟ್ಟ ಬೆರ್ಮೆತ್ ತೋಯ್ದು ಕಿರುಚುತ್ತಿದ್ದಳು. ಆಗ ಅಪ್ಪ ನಗುತ್ತಿದ್ದ. ಹೌದು, ಆಗ!

"ಎರಡೂ ಕಡೆ ಬಂತೇನಮ್ಮಾ?" ಅಪ್ಪ ಮೇಲಿನಿಂದ ಕೂಗಿದ.

"ಬಂತು ಮಾವಾ, ಒಂದು ಹನೀನೂ ಉಳಿದಿಲ್ಲ!"

ಬೆರ್ಮೆತ್ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ, "ನೀನು ಇಳಿದ ಮೇಲೆ ನಾನು ಬಗ್ಗಿ ನೋಡೋದು ಏನಿದೆ ಬಿಡು. ನಿನ್ನಂಥ ಮಗಳೊಬ್ಬಳು ಮೊದಲೇ ಇದ್ದಿದ್ರೆ ನನ್ನ ಮಂಡಿಯಾದ್ರೂ ಉಳೀತಿತ್ತು" ಎಂದ.

ತೆರೆದ ಬಾಯಿ ಹಾಗೇ ಮುಚ್ಚಿತು. ಬೆರ್ಮೆತ್ ಒಣ ಬೋಗುಣಿಯನ್ನು ಎದೆಗೆ ಅವಚಿಕೊಂಡು ಹಲಗೆ ಹತ್ತಿದಳು.

ಮನೆಗೆ ನಡೆಯುವ ದಾರಿಯಲ್ಲಿ ಅವಳ ಹೊಟ್ಟೆಯೊಳಗಿನ ಕಿಚ್ಚಿಗೆ ವಿಚಿತ್ರವಾದ ಸಿಹಿ ಬೆರೆತಿತ್ತು. ಒಡೆಯಲಿ. ಬೆಳಿಗ್ಗೆ ಅಪ್ಪ ನೋಡಲಿ. ಅತ್ತಿಗೆಯ ಆ ದೊಡ್ಡ ಬಾಯಿ ಒಂದು ದಿನವಾದರೂ ಮುಚ್ಚಿಕೊಂಡಿರಲಿ. ತಾನೇನು ಸುಳ್ಳು ಹೇಳಿಲ್ಲವಲ್ಲ, ತನ್ನನ್ನು ಯಾರು ಕೇಳಿದರು? ಕಲ್ಲುಸಕ್ಕರೆ ಚೀಪುವಂತೆ ಅದನ್ನು ಚೀಪುತ್ತ ಅವಳು ಅಂಗಳ ಸೇರಿದಳು. ಬೆಟ್ಟಗಳ ಕಡೆ ಆಕಾಶ ಒಂದು ಚೂರು ಮೋಡವಿಲ್ಲದೆ ತೊಳೆದಿಟ್ಟಂತಿತ್ತು.

"ಇವತ್ತು ಉಗುಳಿದ್ರೆ ನೆಲಕ್ಕೆ ಬೀಳೋ ಮೊದಲೇ ಕಲ್ಲಾಗತ್ತೆ" ಎಂದಳು ಅಮ್ಮ, ಬಾಗಿಲು ಎಳೆದುಕೊಳ್ಳುತ್ತ.

ಚಳಿಗಾಲಕ್ಕೆ ದೋಣಿ ಮುಚ್ಚಿದ ಸಂಜೆ ಕುರಿತಲೆ ಬೇಯಿಸುವುದು ಆ ಮನೆಯ ರೂಢಿ. ಅಪ್ಪ ಚಾಕು ಹಿಡಿದು ನಾಲಿಗೆಯ ತುಂಡು ಕುಯ್ದ. ಅದು ಯಾವಾಗಲೂ ಬೆರ್ಮೆತ್‌ಳ ಪಾಲು. ಇದನ್ನು ತಿಂದಾದರೂ ಹುಡುಗಿಗೆ ಮಾತು ಬರಲಿ ಎಂದು. ಅವಳು ತಟ್ಟೆ ಮುಂದೆ ಮಾಡಿದಳು.

"ಇವಳಿಗೆ ತಿನ್ನಿಸಿದ ನಾಲಿಗೆ ಎಲ್ಲ ಒಟ್ಟು ಹಾಕಿದ್ರೆ ಒಂದು ಮಂದೆ ಮಾತಾಡ್ತಿತ್ತು. ಈ ವರ್ಷ ದುಡಿದವಳಿಗೆ" ಎಂದು ಅಪ್ಪ ಅದನ್ನು ಸೊಸೆಗೆ ಕೊಟ್ಟ. ಅಮ್ಮನೂ ನಕ್ಕಳು.

ಚಾಚಿದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಅಷ್ಟು ದೂರವೆಂದು ಬೆರ್ಮೆತ್‌ಗೆ ಗೊತ್ತಿರಲಿಲ್ಲ. ಆದರೆ ಅದು ಪೂರ್ತಿ ಹಿಂದೆ ಬರಲಿಲ್ಲ. ಜಿಪಾರ್ ಅದನ್ನು ತಡೆದು, ತುಂಡನ್ನು ಎರಡಾಗಿ ಮುರಿದು, ದೊಡ್ಡ ಅರ್ಧವನ್ನು ಅದರಲ್ಲಿಟ್ಟಳು.

"ನಂಗ್ಯಾಕೆ ಮಾವಾ ಇನ್ನೊಂದು ನಾಲಿಗೆ? ಇರೋದನ್ನೇ ನಿಮ್ಮ ಮಗನ ಕೈಲಿ ತಡಕೊಳ್ಳೋಕಾಗ್ತಿಲ್ಲ. ತಿನ್ನೇ ಹುಡುಗಿ, ಬೋಗುಣಿ ಹಿಡಿದೋಳು ನೀನೇ ಅಲ್ವಾ?"

ಬೆರ್ಮೆತ್ ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಲಾಗಲಿಲ್ಲ. ಇಷ್ಟು ಹೊತ್ತು ಸಿಹಿಯಾಗಿದ್ದದ್ದು ಈಗ ಗಂಟಲಿಗೆ ಅಡ್ಡ ನಿಂತಿತ್ತು. ಕಿಟಕಿ ಗಾಜಿನ ಅಂಚಿನಲ್ಲಿ ಆಗಲೇ ಬಿಳಿ ಎಳೆಗಳು ಮೂಡುತ್ತಿದ್ದವು.

"ನನ್ನ ಶಾಲು ದೋಣೀಲಿ ಉಳೀತು" ಎಂದು ಎದ್ದಳು.

"ಶಾಲು ನಾಳೆ ಓಡಿ ಹೋಗತ್ತಾ?" ಎಂದ ಅಪ್ಪ.

"ನಾನೂ ಬರ್ತೀನಿ. ಹಲಗೆ ಜಾರತ್ತೆ, ಇವಳು ಬಿದ್ರೆ ಕೂಗೋದೂ ಇಲ್ಲ" ಎಂದು ಜಿಪಾರ್ ಟಾರ್ಚು ಹಿಡಿದು ಬೆನ್ನಿಗೇ ಹೊರಟಳು.

ದೋಣಿಯಲ್ಲಿ ಶಾಲು ಇರಲಿಲ್ಲ. ಬೆರ್ಮೆತ್ ಅದನ್ನು ಹುಡುಕುವ ನಾಟಕವನ್ನೂ ಮಾಡಲಿಲ್ಲ. ಮೂಲೆಯಲ್ಲಿ ತೂಗುಹಾಕಿದ್ದ ತಂತಿ ತೆಗೆದುಕೊಂಡು ನೇರ ಗುಂಡಿಗೆ ಇಳಿದಳು. ಮೊಳೆಗೆ ಲಂಗ ಸಿಕ್ಕಿ ಹರಿಯಿತು. "ಏ, ಏನ್ ಮಾಡ್ತಿದೀಯ?" ಎನ್ನುತ್ತಲೇ ಜಿಪಾರ್ ಟಾರ್ಚು ಬಗ್ಗಿಸಿದಳು. ಬಲಗಡೆಯ ನಲ್ಲಿ ಬಿಚ್ಚಿಯೇ ಇತ್ತು. ಬೆರ್ಮೆತ್ ತಂತಿ ತೂರಿಸಿ ತಿರುಗಿಸಿದಳು. ಏನೋ ಗಟ್ಟಿಯಾದದ್ದು ತಡೆಯಿತು. ಇನ್ನಷ್ಟು ಒತ್ತಿದಳು. ತುಕ್ಕಿನ ಹಕ್ಕಳೆ ಕಳಚಿ ಬಿತ್ತು, ಅದರ ಹಿಂದೆಯೇ ಕೆಂಪು ನೀರು ಅವಳ ಕೈ, ಎದೆ, ಮುಖದ ಮೇಲೆಲ್ಲ ಚಿಮ್ಮಿತು. ಮೈ ಮರಗಟ್ಟುವಷ್ಟು ತಣ್ಣಗಿದ್ದರೂ ನೀರು ಇನ್ನೂ ನೀರಾಗಿಯೇ ಇತ್ತು. ಸುರಿಯಿತು, ಸುರಿಯುತ್ತಲೇ ಇತ್ತು.

"ಅಯ್ಯೋ ಸೊನುನ್!" ಎಂದು ಚೀರಿದ ಜಿಪಾರ್ ತಟ್ಟನೆ ಬಾಯಿ ಮುಚ್ಚಿಕೊಂಡಳು. ಆಡಬಾರದ ಹೆಸರು ಆಡಿಹೋಗಿತ್ತು. "ಇಷ್ಟು ನೀರು... ಒಳಗೇ ಇತ್ತಾ? ನಾನು ಖಾಲಿ ಅಂದೆನಲ್ಲೇ. ಬೆಳಿಗ್ಗೆ ಮಾವನಿಗೆ ಯಾವ ಮುಖ ತೋರಿಸ್ತಿದ್ದೆ? ಒಂದೇ ಸಲ ನಂಬಿ ಕೊಟ್ರು, ಒಂದೇ ಸಲಕ್ಕೆ..." ಅವಳು ಗುಂಡಿಯಂಚಿನಲ್ಲಿ ಕುಕ್ಕರಿಸಿ, ತನ್ನ ತಲೆವಸ್ತ್ರ ಬಿಚ್ಚಿ, ಬೆರ್ಮೆತ್‌ಳ ಮುಖ ಒರೆಸತೊಡಗಿದಳು. "ಸದ್ಯ, ನಿಂಗೆ ನೆನಪಾಯ್ತಲ್ಲ. ಊಟಕ್ಕೆ ಕೂತಾಗ ತಟ್ಟಂತ ಹೊಳೀತು, ಅಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ಹೌದು ಅನ್ನುವುದೂ ಬೇಡ, ತಲೆ ಆಡಿಸಿದರೂ ಸಾಕಿತ್ತು. ಮಾತು ತಪ್ಪಿಸಿಕೊಳ್ಳುವುದು ಬೆರ್ಮೆತ್‌ಗೆ ಹೊಸತೇನಲ್ಲ. ನೀರಿನ ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು. ಅವಳು ಅತ್ತಿಗೆಯ ಕೈಯನ್ನು ಮುಖದಿಂದ ಮೆಲ್ಲಗೆ ಸರಿಸಿದಳು.

"ಇಲ್ಲ ಅತ್ತಿಗೆ. ಮಧ್ಯಾಹ್ನ ಬೋಗುಣಿ ಒಣಗಿದ್ದಾಗಲೇ ನಂಗೆ ಗೊತ್ತಿತ್ತು. ಎಂಜಿನ್ ಒಡೀಲಿ, ಅಪ್ಪ ನಿನ್ನ ಬೈಲಿ ಅಂತ ಸುಮ್ನಿದ್ದೆ."